ದಾರಿಯಲ್ಲಿ ನಿಂತ ಹಳೆಯ ಕಾರು: ಬಿಡಿಭಾಗ ಬದಲಿಸುವ ಮೊದಲು

ವರ್ತಕರ ಆಸ್ತಿ ಪಟ್ಟಿಯಲ್ಲಿ ಹಳೆಯ ಕಾರಿಗೆ ಒಂದು ವಿಚಿತ್ರ ಸ್ಥಾನವಿದೆ. ವರ್ಷಕ್ಕೆ ಶೇಕಡಾ 15ರಂತೆ ಸವಕಳಿ ಕಳೆದು ಲೆಕ್ಕಪುಸ್ತಕದಲ್ಲಿ ಅದರ ಬೆಲೆ ಕೆಲವೇ ಸಾವಿರಕ್ಕೆ ಇಳಿದಿರುತ್ತದೆ. ಆದರೆ ಸಂತೆಯ ದಿನ ಸರಕು ತುಂಬಿಕೊಂಡು ಹೊರಟ ವ್ಯಾನು ಅರ್ಧ ದಾರಿಯಲ್ಲಿ ನಿಂತಾಗ, ಆ ಹೊತ್ತಿಗೆ ಅದರ ಬೆಲೆ ಎಷ್ಟೆಂಬುದು ಮಾಲೀಕರಿಗೆ ಮಾತ್ರ ಗೊತ್ತು. ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿಯೂ, ಓಮ್ನಿ ವ್ಯಾನಿನ ತಯಾರಿಕೆ 2019ರಲ್ಲಿಯೂ ನಿಂತುಹೋಯಿತು. ಆದರೂ ನಮ್ಮ ಮಾರುಕಟ್ಟೆ ಪ್ರಾಂಗಣಗಳಲ್ಲಿ, ಕೈಗಾರಿಕಾ ವಸಾಹತುಗಳಲ್ಲಿ ಈ ವಾಹನಗಳು ದುಡಿಯುತ್ತಲೇ ಇವೆ. ಹೊಸ ವಾಹನದ ಸಾಲದ ಕಂತಿಗಿಂತ ಹಳೆಯದರ ದುರಸ್ತಿ ಅಗ್ಗವೆಂಬ ಲೆಕ್ಕ ಬಹುಮಟ್ಟಿಗೆ ಸರಿ. ದುರಸ್ತಿಯನ್ನು ಊಹೆಯ ಮೇಲೆ ಮಾಡಿಸಿದಾಗ ಮಾತ್ರ ಆ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಬಳಿ ಕಾರ್ಬುರೇಟರ್ ಇರುವ ಹಳೆಯ ಓಮ್ನಿ ಇದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ನಲವತ್ತು ಕಿಲೋಮೀಟರ್ ಓಡಿದ ಮೇಲೆ ಅದು ಸದ್ದಿಲ್ಲದೆ ನಿಲ್ಲುತ್ತದೆ. ಕೀಲಿ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆಯ ನಂತರ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಮೆಕ್ಯಾನಿಕ್ ಬ್ಯಾಟರಿ ಹಳೆಯದೆಂದು ಬದಲಿಸುತ್ತಾನೆ: 4,000 ರೂಪಾಯಿ. ವಾರದ ನಂತರ ಮತ್ತೆ ಅದೇ ಕಥೆ. ಪ್ಲಗ್ ಮತ್ತು ಅವುಗಳ ತಂತಿಗಳಿಗೆ 900. ಮತ್ತೆ ನಿಂತಾಗ ಕಾರ್ಬುರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದ್ದಕ್ಕೆ 2,200. ಆಮೇಲೆ ಪೆಟ್ರೋಲ್ ಪಂಪಿಗೆ 1,300. ನಡುವೆ ಎರಡು ಬಾರಿ ಬಾಡಿಗೆ ಗಾಡಿ ತರಿಸಿ ಸರಕು ಸಾಗಿಸಿದ್ದಕ್ಕೆ 3,000. ಒಟ್ಟು 11,400 ರೂಪಾಯಿ ಖರ್ಚಾದ ಮೇಲೆ, ಬಿಸಿಯಾದಾಗ ಕೈಕೊಡುತ್ತಿದ್ದದ್ದು 800 ರೂಪಾಯಿಯ ಇಗ್ನಿಷನ್ ಕಾಯಿಲ್ ಎಂದು ತಿಳಿಯುತ್ತದೆ.

ಇಲ್ಲಿಯ ಮೊತ್ತಗಳು ಲೆಕ್ಕಕ್ಕಾಗಿ ಹಿಡಿದವು. ಕಥೆ ಮಾತ್ರ ಹಳೆಯ ವಾಹನ ಇಟ್ಟುಕೊಂಡ ಯಾರಿಗೂ ಅಪರಿಚಿತವಲ್ಲ. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಬ್ಯಾಟರಿ ನಿಜವಾಗಿಯೂ ಹಳೆಯದಾಗಿತ್ತು, ಪ್ಲಗ್‌ಗಳು ಸವೆದಿದ್ದವು. ಆದರೆ ಸವೆದ ಭಾಗವೇ ವಾಹನವನ್ನು ನಿಲ್ಲಿಸಿದ ಭಾಗವಾಗಿರಬೇಕೆಂದಿಲ್ಲ.

ಸಾಕ್ಷ್ಯ ಇರುವುದು ರಸ್ತೆಬದಿಯಲ್ಲಿ

ಬಿಟ್ಟುಬಿಟ್ಟು ಬರುವ ದೋಷದ ಮುಖ್ಯ ತೊಡಕೆಂದರೆ, ಪರೀಕ್ಷಿಸಲು ತಿಳಿದವನ ಕೈಗೆ ವಾಹನ ಬರುವ ವೇಳೆಗೆ ದೋಷ ಅಲ್ಲಿರುವುದಿಲ್ಲ. ಕಾಯಿಲ್‌ನ ಒಳಸುರುಳಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ, ಬಿಸಿಗೆ ತಂತಿ ಹಿಗ್ಗಿದಾಗ ಸಂಪರ್ಕ ಕಡಿಯುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ತಣ್ಣಗಿರುವಾಗ ಅಳೆದರೆ ಅದು ಉತ್ತಮ ಕಾಯಿಲ್. ಹೀಗಾಗಿ ದೋಷದ ಸಾಕ್ಷ್ಯ ಇರುವುದು ವಾಹನ ನಿಂತ ಆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮಾತ್ರ. ಆಗ ಅಲ್ಲಿರುವ ಏಕೈಕ ಸಾಕ್ಷಿ ಚಾಲಕ. ಅವನು ಆ ಹೊತ್ತಿನಲ್ಲಿ ಫೋನಿನಲ್ಲಿ ಮಾಲೀಕರಿಗೆ ವಿವರಣೆ ಕೊಡುವುದರಲ್ಲಿಯೋ, ಪದೇ ಪದೇ ಕೀಲಿ ತಿರುಗಿಸಿ ಬ್ಯಾಟರಿ ಬರಿದು ಮಾಡುವುದರಲ್ಲಿಯೋ ಕಾಲ ಕಳೆಯುತ್ತಾನೆ.

ಅದಕ್ಕೂ ಮೊದಲು ಸುರಕ್ಷತೆಯ ಮಾತು. ಎಂಜಿನ್ ನಿಂತ ಕ್ಷಣದಿಂದ, ನಿರ್ವಾತದ ನೆರವಿರುವ ಬ್ರೇಕ್ ಒಂದೆರಡು ಬಾರಿ ಒತ್ತಿದ ಮೇಲೆ ಗಟ್ಟಿಯಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಆದುದರಿಂದ ವೇಗ ಇರುವಾಗಲೇ ವಾಹನವನ್ನು ಎಡಕ್ಕೆ ತರಬೇಕು, ಅಪಾಯ ಸೂಚಕ ದೀಪ ಹಾಕಬೇಕು, ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇಡಬೇಕು. ರೈಲ್ವೆ ಹಳಿಯ ಮೇಲೆ ನಿಂತರೆ ಮೊದಲು ಜನರನ್ನು ಇಳಿಸಬೇಕು. ರೈಲಿನ ಸುಳಿವಿಲ್ಲದಿದ್ದರೆ ಮಾತ್ರ ವಾಹನವನ್ನು ತಳ್ಳುವ ಯೋಚನೆ. ಹಳೆಯ ಕಾರುಗಳಲ್ಲಿ ಮೊದಲನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರಿನ ಬಲದಿಂದಲೇ ವಾಹನ ಕೆಲವು ಅಡಿ ಮುಂದೆ ತೆವಳುತ್ತದೆ. ಬ್ಯಾಟರಿ ಮತ್ತು ಸ್ಟಾರ್ಟರಿಗೆ ಇದು ಒಳ್ಳೆಯದಲ್ಲ, ಆದರೆ ಆ ಸಂದರ್ಭದಲ್ಲಿ ಅವುಗಳ ಚಿಂತೆ ಬೇಡ.

ಇನ್ನು ಪರೀಕ್ಷೆ. ಮೊದಲ ಪ್ರಶ್ನೆ: ಕೀಲಿ ತಿರುಗಿಸಿದಾಗ ಎಂಜಿನ್ ತಿರುಗುತ್ತದೆಯೇ? ತಿರುಗದೆ 'ಟಕ್' ಎಂಬ ಸದ್ದು ಮಾತ್ರ ಬಂದರೆ, ಅಥವಾ ಏನೂ ಬಾರದಿದ್ದರೆ, ಕಾರ್ಬುರೇಟರ್ ಕಡೆಗೆ ನೋಡುವುದೇ ಬೇಡ. ಬ್ಯಾಟರಿಯ ತುದಿಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯೇ, ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ ಸಡಿಲಾಗಿದೆಯೇ ಎಂದು ನೋಡಬೇಕು. ಎಷ್ಟೋ ಹೊಸ ಬ್ಯಾಟರಿಗಳು ಮಾರಾಟವಾಗುವುದು ಈ ಪಟ್ಟಿಯ ಒಂದು ನಟ್ಟನ್ನು ಬಿಗಿ ಮಾಡದ ಕಾರಣದಿಂದ. ಅಳತೆಗೆ ಬೇಕಾದದ್ದು ಸಾಧಾರಣ ಮಲ್ಟಿಮೀಟರ್. ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎಂಜಿನ್ ತಿರುಗಿಸುವಾಗ ಅದು 10 ವೋಲ್ಟ್ ಆಸುಪಾಸಿಗಿಂತ ಕೆಳಗಿಳಿಯಬಾರದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.4 ವೋಲ್ಟ್ ಇರಬೇಕು. ಅದು 12ರ ಬಳಿಯೇ ಇದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕೆಲಸ ಮಾಡುತ್ತಿಲ್ಲ. ವಾಹನವು ಬ್ಯಾಟರಿಯ ಉಳಿತಾಯವನ್ನು ತಿಂದುಕೊಂಡು ಓಡುತ್ತಿದೆ. ಅಂಥ ವಾಹನಕ್ಕೆ ಬೇರೆ ಬ್ಯಾಟರಿಯಿಂದ ತಂತಿ ಕೊಟ್ಟು ಶುರು ಮಾಡಿದರೆ ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತದೆ.

ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ, ಎರಡನೆಯ ಪ್ರಶ್ನೆ: ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ? ಈ ಒಂದು ಉತ್ತರ ಸಿಕ್ಕರೆ ಸಂಶಯಿತರ ಪಟ್ಟಿಯಲ್ಲಿ ಅರ್ಧದಷ್ಟು ಅಳಿಸಿಹೋಗುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಪರೀಕ್ಷೆ ಸರಳ. ಡಬ್ಬಿಯಲ್ಲಿ ಒಂದು ಹೆಚ್ಚುವರಿ ಸ್ಪಾರ್ಕ್ ಪ್ಲಗ್ ಇಟ್ಟುಕೊಂಡಿರಬೇಕು. ಎಂಜಿನ್‌ನ ಒಂದು ಪ್ಲಗ್ಗಿನ ತಂತಿ ಕಳಚಿ ಈ ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ ಲೋಹಕ್ಕೆ ತಾಗುವಂತೆ ಇರಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. 'ಚಟ್' ಎಂದು ನೀಲಿ ಕಿಡಿ ಹಾರಿದರೆ ವಿದ್ಯುತ್ ಭಾಗ ಸರಿಯಿದೆ. ಕಿತ್ತಳೆ ಬಣ್ಣದ ದುರ್ಬಲ ಕಿಡಿ ಬಂದರೆ ಅಥವಾ ಬಾರದೇ ಇದ್ದರೆ ಪೆಟ್ರೋಲ್ ಕಡೆ ಕೈಹಾಕುವ ಅಗತ್ಯವಿಲ್ಲ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬಾರದು. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಪೆಟ್ರೋಲ್ ಸೋರಿದ ವಾಸನೆ ಇರುವಲ್ಲಿ, ಗ್ಯಾಸ್ ಕಿಟ್ ಇರುವ ವಾಹನದಲ್ಲಿ ಈ ಪರೀಕ್ಷೆ ಸಲ್ಲದು.

ಫ್ಯುಯೆಲ್ ಇಂಜೆಕ್ಷನ್ ಇರುವ ವಾಹನದಲ್ಲಿ ರಸ್ತೆಬದಿಯ ಕಿಡಿ ಪರೀಕ್ಷೆಗಿಂತ ಕಿವಿ ಮತ್ತು ಕಣ್ಣೇ ಮೇಲು. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಟ್ಯಾಂಕಿನ ಕಡೆಯಿಂದ ಪಂಪಿನ 'ಗುಂಯ್' ಎಂಬ ಸದ್ದು ಒಂದೆರಡು ಸೆಕೆಂಡು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಪಂಪ್. ಎಂಜಿನ್ ಚಿತ್ರದ ಹಳದಿ ದೀಪ ಕೀಲಿ ಆನ್ ಮಾಡಿದಾಗ ಹೊತ್ತಿಕೊಳ್ಳಲೇಬೇಕು. ಅದು ಹೊತ್ತದಿದ್ದರೆ ನಿಯಂತ್ರಣ ಪೆಟ್ಟಿಗೆಗೆ ವಿದ್ಯುತ್ತೇ ಹೋಗುತ್ತಿಲ್ಲವೆಂಬ ಸಂಶಯಕ್ಕೆ ಎಡೆಯಿದೆ. ಎಂಜಿನ್ ವೇಗ ತೋರಿಸುವ ಮುಳ್ಳು ಇರುವ ಕಾರುಗಳಲ್ಲಿ, ಎಂಜಿನ್ ತಿರುಗಿಸುವಾಗ ಮುಳ್ಳು ಕಿಂಚಿತ್ತೂ ಅಲುಗದಿದ್ದರೆ ತಿರುಗುವಿಕೆಯನ್ನು ಗ್ರಹಿಸುವ ಸಂವೇದಕದ ಮೇಲೆ ಸಂಶಯ ಪಡಬಹುದು. ಇದೂ ಕಾಯಿಲ್‌ನಂತೆ ಬಿಸಿಯಲ್ಲಿ ಸತ್ತು ತಂಪಿನಲ್ಲಿ ಬದುಕುವ ಜಾತಿಯದೇ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ಬಹಳ ದೂರ ತಳ್ಳಿ ಶುರು ಮಾಡುವ ಹಟ ಬೇಡ. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿದರೆ ಬೀಳುವ ಖರ್ಚು ದೊಡ್ಡದು.

ಬಿಸಿಯಾದಾಗ ಮಾತ್ರ ನಿಲ್ಲುವ ವಾಹನ

ಬಿಸಿಲಿನಲ್ಲಿ ನಿಂತು ತಂಪಾದ ಮೇಲೆ ಓಡುವ ವಾಹನದ ಬಗ್ಗೆ ತಕ್ಷಣ ಕೇಳಿಬರುವ ಮಾತು 'ಏರ್ ಲಾಕ್' ಎಂಬುದು. ವಾಸ್ತವವಾಗಿ ಅಲ್ಲಿ ಸಿಕ್ಕಿಕೊಳ್ಳುವುದು ಗಾಳಿಯಲ್ಲ, ಪೆಟ್ರೋಲಿನದೇ ಆವಿ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲೇ ಆವಿಯಾಗತೊಡಗುತ್ತವೆ. ಹಳೆಯ ಕಾರುಗಳಲ್ಲಿ ಯಾಂತ್ರಿಕ ಪಂಪ್ ಎಂಜಿನ್ನಿಗೇ ಅಂಟಿಕೊಂಡಿದ್ದು, ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವ ಕೊಳವೆಯಲ್ಲಿ ಒತ್ತಡ ಕಡಿಮೆ, ಪಂಪಿನ ಮೈಯೋ ಕಾದ ಕಬ್ಬಿಣ. ಅಲ್ಲಿ ಆವಿ ತುಂಬಿದರೆ ಪಂಪಿನ ಪೊರೆ ಎಷ್ಟು ಬಡಿದರೂ ದ್ರವ ಮೇಲೇರುವುದಿಲ್ಲ. ಅಂಬಾಸಿಡರ್ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದೇ ಕಾರಣಕ್ಕೆ. ಅದು ಮೂಢನಂಬಿಕೆಯಲ್ಲ, ಸರಿಯಾದ ಭೌತಶಾಸ್ತ್ರ. ಓಮ್ನಿಯ ಎಂಜಿನ್ ಮುಂದಿನ ಆಸನದ ಕೆಳಗೆ ಮುಚ್ಚಿದ ಜಾಗದಲ್ಲಿರುವುದರಿಂದ, ಭಾರ ಹೇರಿಕೊಂಡು ಘಾಟಿ ಹತ್ತಿ ನಿಂತ ತಕ್ಷಣ ಅಲ್ಲಿಯ ಶಾಖ ಹೊರಹೋಗುವುದು ನಿಧಾನ. ಇಂಜೆಕ್ಷನ್ ವಾಹನಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಒತ್ತಡದಿಂದ ತಳ್ಳುವುದರಿಂದ ಈ ತೊಂದರೆ ಅಪರೂಪ.

ಆದರೆ ತಂಪಾದ ಮೇಲೆ ಓಡಿತು ಎಂಬ ಒಂದೇ ಲಕ್ಷಣ ಆವಿಗೂ ಕಾಯಿಲ್‌ಗೂ ಸಮಾನ. ಇವೆರಡನ್ನು ಬೇರ್ಪಡಿಸಬಲ್ಲದ್ದು ನಿಂತ ಕೂಡಲೇ ಮಾಡಿದ ಕಿಡಿ ಪರೀಕ್ಷೆ ಮಾತ್ರ. ಕಿಡಿ ಇದ್ದು, ಪಾರದರ್ಶಕ ಫಿಲ್ಟರಿನಲ್ಲಿ ಪೆಟ್ರೋಲ್ ಕಾಣದೆ ಗುಳ್ಳೆಗಳಷ್ಟೇ ಕಂಡರೆ ಅದು ಇಂಧನದ ದೋಷ. ಒದ್ದೆ ಬಟ್ಟೆಯಿಂದ ಹತ್ತು ನಿಮಿಷದಲ್ಲಿ ಸರಿಹೋದರೆ ಆವಿ ಎಂದೇ ತಿಳಿಯಬಹುದು. ಕಿಡಿ ಇಲ್ಲದಿದ್ದರೆ ಕಾಯಿಲ್, ಕಂಡೆನ್ಸರ್ ಅಥವಾ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವಲ್ಲಿ ಅದರ ಮಾಡ್ಯೂಲ್. ಸರಿಯಿದೆಯೆಂದು ಖಚಿತವಾದ ಇನ್ನೊಂದು ಕಾಯಿಲ್ ಕೈಯಲ್ಲಿದ್ದರೆ ಅಲ್ಲಿಯೇ ಬದಲಿಸಿ ನೋಡುವುದು ಎಲ್ಲಕ್ಕಿಂತ ನೇರವಾದ ಪರೀಕ್ಷೆ. ಒಂದೇ ಮಾದರಿಯ ಎರಡು ಮೂರು ಗಾಡಿ ಇಟ್ಟುಕೊಂಡವರಿಗೆ ಇದಕ್ಕೆ ಹೊಸ ಖರ್ಚಿಲ್ಲ.

ಟ್ಯಾಂಕಿನ ಮುಚ್ಚಳದ ವಿಚಾರವನ್ನು ಬಹಳ ಮಂದಿ ಮರೆಯುತ್ತಾರೆ. ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿ ಬರಲು ದಾರಿ ಬೇಕು. ಆ ಸಣ್ಣ ರಂಧ್ರ ಧೂಳಿನಿಂದ ಮುಚ್ಚಿದರೆ ಒಳಗೆ ನಿರ್ವಾತ ಏರ್ಪಟ್ಟು ಪಂಪಿಗೆ ಪೆಟ್ರೋಲ್ ಎಳೆಯಲಾಗುವುದಿಲ್ಲ. ವಾಹನ ನಿಂತ ಕೂಡಲೇ ಮುಚ್ಚಳ ಸಡಿಲಿಸಿದಾಗ 'ಸುಯ್' ಎಂದು ಗಾಳಿ ಒಳನುಗ್ಗಿದ ಸದ್ದು ಕೇಳಿ, ಆಮೇಲೆ ಎಂಜಿನ್ ಹತ್ತಿಕೊಂಡರೆ, ಒಂದು ಸೂಜಿಯಿಂದ ದುರಸ್ತಿ ಮುಗಿಯಿತು. ಟ್ಯಾಂಕಿನ ತಳದ ತುಕ್ಕು ಮತ್ತು ಕಸ ಹೀರುಕೊಳವೆಯ ಬಾಯಿಗೆ ಅಂಟಿಕೊಂಡಾಗಲೂ ಹೀಗೆಯೇ: ವೇಗದಲ್ಲಿ ಎಳೆದು ಎಳೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಕಸ ಕೆಳಗೆ ಬಿದ್ದು ಮತ್ತೆ ಓಡುತ್ತದೆ.

ಇತ್ತೀಚಿನ ಇನ್ನೊಂದು ಕಾರಣ ಪೆಟ್ರೋಲಿನದೇ. 2025ರಲ್ಲಿ ದೇಶದಲ್ಲಿ ಎಥೆನಾಲ್ ಮಿಶ್ರಣ ಶೇಕಡಾ 20ನ್ನು ತಲುಪಿತು. ಹಳೆಯ ಓಮ್ನಿ, 800, ಅಂಬಾಸಿಡರ್‌ಗಳ ರಬ್ಬರ್ ಕೊಳವೆ, ಪಂಪಿನ ಪೊರೆ, ಕಾರ್ಬುರೇಟರ್ ಗ್ಯಾಸ್ಕೆಟ್‌ಗಳನ್ನು ತಯಾರಿಸಿದ ಕಾಲದಲ್ಲಿ ಈ ಮಿಶ್ರಣ ಇರಲಿಲ್ಲ. ಎಥೆನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ. ಇದರಿಂದ ಎಂಜಿನ್ನೇ ಹಾಳಾಗುತ್ತದೆಂಬ ಗಾಬರಿಗೆ ಕಾರಣವಿಲ್ಲ. ಆದರೆ ಗಟ್ಟಿಯಾಗಿ ಬಿರಿದ ಕೊಳವೆಗಳನ್ನು ಬದಲಿಸಿ, ಫಿಲ್ಟರನ್ನು ಮೊದಲಿಗಿಂತ ಬೇಗ ಬದಲಿಸುವುದು ವಿವೇಕ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿನಲ್ಲಿ, ಅಥವಾ ಸದಾ ಗ್ಯಾಸಿನಲ್ಲಿಯೇ ಓಡಿಸುವ ವಾಹನದ ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲನ್ನು ನಂಬಿ ದೂರ ಹೊರಡಬಾರದು.

ಮಳೆಗಾಲದಲ್ಲಿ ಶಿರಾಡಿ, ಆಗುಂಬೆ, ಚಾರ್ಮಾಡಿ ಕಡೆ ಓಡಾಡುವವರಿಗೆ ತೊಂದರೆ ಬೇರೆ ರೀತಿಯದು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಸೇರಿದರೆ ಕಿಡಿ ಪ್ಲಗ್ಗಿಗೆ ಹೋಗದೆ ದಾರಿ ತಪ್ಪುತ್ತದೆ. ಒಣಬಟ್ಟೆಯಿಂದ ಒರೆಸಿದರೆ ಓಡುತ್ತದೆ. ಮತ್ತೆ ಮತ್ತೆ ಆದರೆ ಮುಚ್ಚಳದಲ್ಲಿ ಕೂದಲಿನಂಥ ಬಿರುಕು ಹುಡುಕಬೇಕು.

ಮಾರುತಿಯ 796 ಸಿಸಿ ಎಂಜಿನ್ ಇರುವವರು ಟೈಮಿಂಗ್ ಬೆಲ್ಟನ್ನು ಮರೆಯಬಾರದು. ಓಡುತ್ತಿದ್ದ ಎಂಜಿನ್ ಸ್ವಿಚ್ ಆರಿಸಿದಂತೆ ಒಮ್ಮೆಗೇ ನಿಂತು, ಆಮೇಲೆ ಸ್ಟಾರ್ಟರ್ ಎಂದಿಗಿಂತ ಹಗುರವಾಗಿ, ತಾಳವಿಲ್ಲದ ಒಂದೇ ಸಮನೆಯ ಸದ್ದಿನಲ್ಲಿ ತಿರುಗಿದರೆ ಬೆಲ್ಟ್ ತುಂಡಾಗಿರುವ ಸಂಭವ ಹೆಚ್ಚು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಎಂಜಿನ್ ಕೊಂಚ ತಿರುಗಿಸಿದಾಗ ಒಳಗಿನ ರೋಟರ್ ಅಲುಗದಿದ್ದರೆ ಸಂಶಯ ಬಲವಾಯಿತು. ಮುಂದೆ ಕೀಲಿ ತಿರುಗಿಸುವುದನ್ನು ಬಿಟ್ಟು ವಾಹನವನ್ನು ಎಳೆದುಕೊಂಡೇ ಹೋಗಬೇಕು. ಎಂಜಿನ್ ಕುದಿದು ನಿಂತಿದ್ದರೂ ಇದೇ ಮಾತು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆರೆಯುವುದು ಮುಖ ಸುಟ್ಟುಕೊಳ್ಳುವ ದಾರಿ.

ಚಾಲಕನ ಚೀಟಿ, ಗ್ಯಾರೇಜಿನ ಬಿಲ್ಲು

ವಾಹನದಲ್ಲಿ ಒಂದು ನೋಟು ಪುಸ್ತಕ ಇಟ್ಟು, ನಿಂತಾಗಲೆಲ್ಲ ನಾಲ್ಕು ಸಾಲು ಬರೆಯುವಂತೆ ಚಾಲಕನಿಗೆ ಹೇಳಿದರೆ ಗ್ಯಾರೇಜಿನ ಅರ್ಧ ಕೆಲಸ ಮುಗಿದಂತೆ. ಎಷ್ಟು ಕಿಲೋಮೀಟರ್ ಓಡಿದ ಮೇಲೆ ನಿಂತಿತು, ಟ್ಯಾಂಕಿನಲ್ಲಿ ಎಷ್ಟಿತ್ತು, ಎಳೆದಾಡಿ ನಿಂತಿತೋ ಥಟ್ಟನೆ ನಿಂತಿತೋ, ಕಿಡಿ ಇತ್ತೋ ಇಲ್ಲವೋ, ಎಷ್ಟು ಹೊತ್ತಿಗೆ ಮತ್ತೆ ಹತ್ತಿತು. ಎಳೆದಾಡಿ ನಿಲ್ಲುವುದು ಸಾಮಾನ್ಯವಾಗಿ ಇಂಧನದ ಲಕ್ಷಣ, ಥಟ್ಟನೆ ನಿಲ್ಲುವುದು ವಿದ್ಯುತ್ತಿನ ಲಕ್ಷಣ. ಮೂರು ಬಾರಿಯ ಟಿಪ್ಪಣಿಯನ್ನು ಪಕ್ಕಪಕ್ಕದಲ್ಲಿಟ್ಟರೆ ಅನುಭವಿ ಮೆಕ್ಯಾನಿಕ್‌ಗೆ ಬೇರೆ ಪುರಾವೆ ಬೇಡ. 'ಗಾಡಿ ನಿಂತುಹೋಗುತ್ತದೆ, ನೋಡಿ' ಎಂದು ಕೀಲಿ ಕೊಟ್ಟು ಬರುವ ಮಾಲೀಕರು ಪರೋಕ್ಷವಾಗಿ ಊಹೆಗೆ ಒಪ್ಪಿಗೆ ಕೊಟ್ಟಂತಾಗುತ್ತದೆ. ಯಾವ ಪರೀಕ್ಷೆಯಿಂದ ಯಾವ ಭಾಗ ಕೆಟ್ಟಿದೆಯೆಂದು ತಿಳಿಯಿತು ಎಂದು ಕೇಳುವುದು ಅವಮಾನವಲ್ಲ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ತೊಂದರೆ ಮರುಕಳಿಸಿದರೆ ಅದು ಸರಿಯಿತ್ತೆಂದು ತಿಳಿದು ಮತ್ತೆ ಉಪಯೋಗಕ್ಕೆ ಬರುತ್ತದೆ.

ಇನ್ನು ಬಿಲ್ಲಿನ ವಿಷಯ. ಇರುವ ಆಸ್ತಿಯನ್ನು ಇದ್ದಂತೆಯೇ ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಅದಲ್ಲ ಎಂಬ ಅಂಶವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕಾರ ಕಾಯಿಲ್, ಪಂಪ್, ಕ್ಲಚ್ ತಟ್ಟೆ, ಪಿಸ್ಟನ್ ರಿಂಗ್ ಮುಂತಾದವು ಆಯಾ ವರ್ಷದ ಖರ್ಚಾಗಿ ಸಲ್ಲುತ್ತವೆ. ಹೊಸದಾಗಿ ಗ್ಯಾಸ್ ಕಿಟ್ ಅಳವಡಿಸಿದರೆ ಅದು ಬಂಡವಾಳ ವೆಚ್ಚವೇ ಎಂಬ ಪ್ರಶ್ನೆ ಏಳುತ್ತದೆ. ವಾಹನ ಮನೆಯ ಉಪಯೋಗಕ್ಕೂ ಇದ್ದರೆ ಆ ಮಟ್ಟಿಗೆ ಖರ್ಚನ್ನು ಬಿಟ್ಟುಕೊಡಬೇಕಾಗುತ್ತದೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚವೇ ಸಲ್ಲದೆ ಹೋಗಬಹುದು. ಎಂಜಿನ್ ಕೆಲಸದ ಬಿಲ್ಲುಗಳು ಈ ಮಿತಿಯನ್ನು ಸುಲಭವಾಗಿ ದಾಟುತ್ತವೆ.

ಜಿಎಸ್‌ಟಿಯಲ್ಲಿ ವಾಹನದ ವರ್ಗ ಮುಖ್ಯ. ಚಾಲಕ ಸೇರಿ 13 ಜನರವರೆಗೆ ಕೂರುವ ಪ್ರಯಾಣಿಕ ವಾಹನದ ದುರಸ್ತಿ ಮತ್ತು ವಿಮೆಯ ಮೇಲಿನ ತೆರಿಗೆಗೆ ಸಾಮಾನ್ಯ ವರ್ತಕರಿಗೆ ಹೂಡುವಳಿ ಜಮೆ ಸಿಗುವುದಿಲ್ಲ. ಸರಕು ಸಾಗಣೆಯ ವಾಹನಕ್ಕೆ ಸಿಗುತ್ತದೆ. ಓಮ್ನಿ ಎರಡೂ ರೂಪಗಳಲ್ಲಿ ಮಾರಾಟವಾದದ್ದರಿಂದ, ಸರಕು ಹೇರುತ್ತೇವೆಂಬ ಮಾತಿನ ಮೇಲೆ ಜಮೆ ತೆಗೆದುಕೊಳ್ಳದೆ ನೋಂದಣಿ ಪತ್ರದಲ್ಲಿ ಏನೆಂದು ನಮೂದಾಗಿದೆ ನೋಡಬೇಕು. ಬಿಡಿಭಾಗಗಳ ಮೇಲಿನ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿಸಲಾಯಿತು. ಅದಕ್ಕೂ ಮೊದಲು ಹಲವು ಭಾಗಗಳಿಗೆ ಶೇಕಡಾ 28 ಇತ್ತು.

ಸಾರಿಗೆಯೇತರ ಲಘು ವಾಹನದ 15 ವರ್ಷದ ನಂತರದ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಯಾಯಿತು. 20 ವರ್ಷ ದಾಟಿದ ವಾಹನಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಹಳೆಯ ವಾಹನವನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ಲೆಕ್ಕ ಹಾಕುವವರು ಈ ಶುಲ್ಕವನ್ನೂ, ಹಿಂದಿನ ಎರಡು ವರ್ಷಗಳ ದುರಸ್ತಿ ಬಿಲ್ಲುಗಳನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು. ಹಾಗೆ ಬರೆಯುವಾಗ, ಪರೀಕ್ಷೆ ಮಾಡಿ ಬದಲಿಸಿದ ಭಾಗಗಳ ಖರ್ಚನ್ನು ಒಂದು ಕಡೆಗೂ, ಊಹೆಯ ಮೇಲೆ ಬದಲಿಸಿದ ಭಾಗಗಳ ಖರ್ಚನ್ನು ಇನ್ನೊಂದು ಕಡೆಗೂ ಹಾಕಬೇಕು. ಎರಡನೆಯ ಮೊತ್ತವನ್ನು ವಾಹನದ ವಯಸ್ಸಿನ ಖಾತೆಗೆ ಬರೆಯುವಂತಿಲ್ಲ.